ಸೈಕಲ್ ದೂಡುವ ದಾರಿ

ಕಾರವಾರದಲ್ಲಿ ಸೈಕಲ್ ಹತ್ತಿದವನಿಗೆ ಬಹಳ ಹೊತ್ತು ನೇರ ಹೋಗುವ ಯೋಗವಿಲ್ಲ. ಪಡುವಣಕ್ಕೆ ಎರಡು ಬೀದಿ ದಾಟಿದರೆ ಸಮುದ್ರ, ಮೂಡಣಕ್ಕೆ ಹಬ್ಬುವಾಡ ಕಳೆಯುವಷ್ಟರಲ್ಲಿ ಗುಡ್ಡ, ಬಡಗಣಕ್ಕೆ ಕಾಳಿ ನದಿ, ತೆಂಕಣಕ್ಕೆ ಬೈತಖೋಲದ ಬೆಟ್ಟ. ಬೇರೆ ಕಡೆ ಕರಾವಳಿಗೆ ಒಂದಿಷ್ಟು ಜಾಗ ಬಿಟ್ಟು ದೂರ ನಿಂತ ಸಹ್ಯಾದ್ರಿ, ಇಲ್ಲಿ ಕಾಲು ತೊಳೆಯಲು ನೀರಿನವರೆಗೂ ಬಂದುಬಿಟ್ಟಿದೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಜಿಲ್ಲೆಯ ಮುಖ್ಯ ಊರಾದದ್ದು ಕಾರವಾರ. ಊರು ಬೆಳೆಯಲಿಲ್ಲವೆಂದು ಇಲ್ಲಿಯವರು ರಾಜಕಾರಣಿಗಳನ್ನು ಬೈಯುತ್ತಾರೆ. ಗುಡ್ಡವನ್ನು ಬೈದವರನ್ನು ನಾನು ಕಂಡಿಲ್ಲ. ಅದು ಎಲ್ಲರ ಹಿತ್ತಲಿನಲ್ಲೇ ಇರುವಾಗ ಬೈಯುವುದಾದರೂ ಹೇಗೆ?

ನಾನು ಹುಬ್ಬಳ್ಳಿಯವನು. ನಮ್ಮ ಸೈಕಲ್ಲಿಗೆ ಶತ್ರು ಎಂದರೆ ಎದುರುಗಾಳಿ ಮತ್ತು ಧೂಳು. ಆದ್ದರಿಂದ ಕಾಜೂಬಾಗದ ಗೆಳೆಯ, ‘ಶನಿವಾರ ಬಾ, ಮಗನ ಗೇರ್ ಸೈಕಲ್ ಖಾಲಿ ಬಿದ್ದಿದೆ, ಭಾನುವಾರ ಅಂಕೋಲೆಗೆ ಹೋಗಿ ಮಾಸ್ತರ ಮನೆಯಲ್ಲಿ ಊಟ ಮಾಡುವಾ’ ಎಂದಾಗ ಗೇರು ಎಷ್ಟಿವೆ ಎಂದು ಮೊದಲು ಕೇಳಿದೆ. ‘ಗೇರಿಗೂ ಏರಿಗೂ ಸಂಬಂಧವಿಲ್ಲ. ಏರಿನಲ್ಲಿ ಇಳಿಯುವುದು, ದೂಡುವುದು’ ಎಂದ.

ಶನಿವಾರ ಸಂಜೆ ಸದಾಶಿವಗಡಕ್ಕೆ ಹೋದೆವು. ಕೋಡಿಬಾಗದಿಂದ ಕಾಳಿ ಸೇತುವೆ. ನಲವತ್ತು ವರ್ಷ ದಾಟಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಒಂದು ಲಾರಿಯ ಸಮೇತ ನದಿಗೆ ಕುಸಿದಿತ್ತು. ಚಾಲಕ ಬದುಕಿ ಬಂದ. ಹೊಸ ಸೇತುವೆಯ ಅಂಚು ಹಿಡಿದು ಹೋಗುವಾಗ ಪಕ್ಕದಲ್ಲಿ ಲಾರಿ ಬಂದರೆ ಕಾಲಡಿ ನಡುಗುತ್ತದೆ, ಆಗ ಇತಿಹಾಸ ನೆನಪಾಗುವುದು ಒಳ್ಳೆಯದಲ್ಲ. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡವನ್ನೇ ಸೀಳಿಕೊಂಡು ಹೆದ್ದಾರಿ ಗೋವೆಯತ್ತ ಹೋಗಿದೆ. ಕೋಟೆಯ ಕಡೆ ಏರು ಶುರುವಾದದ್ದೇ ಗೆಳೆಯ ಇಳಿದ. ನಾನೂ ಇಳಿದೆ.

ಅಲ್ಲಿಯವರೆಗೆ ನಾವು ಮಾತಾಡಿದ್ದೆಲ್ಲ ‘ಹುಷಾರು’, ‘ಗಾಡಿ ಬಂತು’, ‘ಎಡಕ್ಕೆ’ ಇಷ್ಟೇ. ಸೈಕಲ್ ಕೈಗೆ ಬಂದು ಇಬ್ಬರೂ ಜೋಡಿಯಾಗಿ ನಡೆಯತೊಡಗಿದ ಮೇಲೆ ಅವನ ಮಗ ಬೆಂಗಳೂರಿನಲ್ಲಿ ಕೆಲಸ ಬದಲಿಸಿದ್ದು, ಹೆಂಡತಿಯ ಮಂಡಿ ನೋವು, ನನ್ನ ಅಣ್ಣ ಹೊಲ ಮಾರಿದ್ದು ಎಲ್ಲ ಒಂದೊಂದಾಗಿ ಹೊರಬಂದವು. ಫೋನಿನಲ್ಲಿ ವಾರಕ್ಕೊಮ್ಮೆ ಮಾತಾಡುವ ನಾವು ಇದ್ಯಾವುದನ್ನೂ ಆಡಿರಲಿಲ್ಲ. ಉಸಿರು ಸಿಕ್ಕಿಕೊಳ್ಳುವುದರಿಂದ ಸುಳ್ಳು ಹೇಳುವಷ್ಟು ಉದ್ದದ ವಾಕ್ಯ ಬಾಯಿಗೆ ಬರುವುದಿಲ್ಲ. ಇಳಿಜಾರಿನಲ್ಲಿ ಮತ್ತೆ ಅವನಷ್ಟಕ್ಕೆ ಅವನು, ನನ್ನಷ್ಟಕ್ಕೆ ನಾನು.

1880ರ ದಶಕದ ಆರಂಭದಲ್ಲಿ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದಿದ್ದ ತರುಣ ರವೀಂದ್ರನಾಥ ಟಾಗೋರರು ನಾವು ದಾಟಿಬಂದ ಇದೇ ಕಾಳಿ ನದಿಯಲ್ಲಿ ದೋಣಿ ಹತ್ತಿ ಒಳನಾಡಿನ ಗುಡ್ಡದ ಕೋಟೆ ನೋಡಿಬಂದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಹಿಂತಿರುಗುವಾಗ ನದಿಯ ಬಾಯಲ್ಲಿ ಇಳಿದು ಬೆಳದಿಂಗಳಲ್ಲಿ ಮರಳ ಮೇಲೆ ನಡೆದರಂತೆ. ಅವರ ಹೆಸರಿನ ಕಡಲತೀರದಲ್ಲಿ ಈಗ ‘ಚಪಲ್’ ಯುದ್ಧನೌಕೆ ದಡ ಹತ್ತಿ ಕೂತಿದೆ. ಮಕ್ಕಳಿಗೆ ಟಾಗೋರರಿಗಿಂತ ಅದೇ ಇಷ್ಟ.

ಭಾನುವಾರ ಬೆಳಗಾಗುವ ಮೊದಲೇ ಹೊರಟೆವು. ಅಂಕೋಲೆಗೆ ಹೆಚ್ಚುಕಡಿಮೆ 35 ಕಿಲೋಮೀಟರು. ಚತುಷ್ಪಥ ಹೆದ್ದಾರಿ ಬೈತಖೋಲದ ಗುಡ್ಡವನ್ನು ಸುರಂಗದಲ್ಲಿ ದಾಟುತ್ತದೆ. ಗೆಳೆಯ ಹಳೆಯ ರಸ್ತೆಗೆ ತಿರುಗಿಸಿದ. ಕಾರಿನವರಿಗೆ ಸುರಂಗ ಎರಡು ನಿಮಿಷ ಉಳಿಸಿದೆ, ಕೆಳಗೆ ಮೀನುದೋಣಿಗಳ ಬಂದರನ್ನು ನೋಡುತ್ತ ನಿಲ್ಲುವ ತಿರುವನ್ನು ಕಿತ್ತುಕೊಂಡಿದೆ. ಬಿಣಗಾ ಇಳಿದು ಅರಗಾ ಮುಟ್ಟಿದರೆ ನೌಕಾನೆಲೆಯ ಗೋಡೆ ಜೊತೆಗೂಡುತ್ತದೆ. ಸೀಬರ್ಡ್ ಯೋಜನೆಗೆ 1986ರಲ್ಲಿ ರಾಜೀವ ಗಾಂಧಿ ಅಡಿಗಲ್ಲು ಹಾಕಿದರು, ಕದಂಬ ನೌಕಾನೆಲೆ ಕೆಲಸ ಶುರುಮಾಡಿದ್ದು 2005ರಲ್ಲಿ. ನಡುವಿನ ವರ್ಷಗಳಲ್ಲಿ ಕಡಲಂಚಿನ ಊರುಗಳು ಗಂಟುಮೂಟೆ ಕಟ್ಟಿ ತೋಡೂರು, ಮುದಗಾ, ಹಾರವಾಡದ ಕಡೆಯ ಪುನರ್ವಸತಿ ಕಾಲನಿಗಳಿಗೆ ಬಂದವು.

ತೋಡೂರಿನಲ್ಲಿ ಇರುವ ಇನ್ನೊಬ್ಬ ಗೆಳೆಯ ಅಂಥ ಮನೆಯವನು. ನಮ್ಮನ್ನು ನೋಡಿದ್ದೇ ಬನ್ಸು, ಚಹ ತರಿಸಿ, ‘ಊಟಕ್ಕೆ ನಿಲ್ಲದಿದ್ದರೆ ಗಾಳಿ ತೆಗೆಯುತ್ತೇನೆ’ ಎಂದು ಚಕ್ರದ ಹತ್ತಿರವೇ ಕೂತ. ಹಳೆಯ ಮನೆಯ ಬಗ್ಗೆ ಕೇಳಿದೆ. ‘ನಾಲ್ಕು ತೆಂಗಿನಮರ ಗೋಡೆಯ ಆಚೆ ಉಳಿದವು. ದೇಶಕ್ಕೆ ನಾವು ಕೊಟ್ಟ ಎಳನೀರು ಎಷ್ಟು ಅಂತ ಲೆಕ್ಕ ಇಟ್ಟವರಿಲ್ಲ’ ಎಂದ. ನಕ್ಕೆವು, ಅವನೇ ಹೆಚ್ಚು ನಕ್ಕ. ಪರಿಹಾರದ ಹಣಕ್ಕಾಗಿ ಕೋರ್ಟು ಅಲೆದ ವರ್ಷಗಳ ಮಾತು ಬಂದದ್ದು ಮಾತ್ರ ನಮ್ಮನ್ನು ಬೀಳ್ಕೊಡಲು ಮುಂದಿನ ಏರಿನವರೆಗೆ ನಡೆದು ಬಂದಾಗ.

ಹಾರವಾಡ, ಅವರ್ಸಾ ಬರುತ್ತಿದ್ದಂತೆ ಅಂಗಡಿಗಳಲ್ಲಿ ಕೊಂಕಣಿ ತೆಳುವಾಗಿ ಅಂಕೋಲೆಯ ಕನ್ನಡ ದಪ್ಪವಾಗುತ್ತದೆ. ಹಟ್ಟಿಕೇರಿಯ ಟೋಲ್‌ನಲ್ಲಿ ಕಾರಿನವರು ಸಾಲು ನಿಂತಿದ್ದರು, ನಾವು ಅಂಚಿನಿಂದ ಪುಕ್ಕಟೆ ದಾಟಿದೆವು. ಇಂಥ ಸಣ್ಣ ಸೊಕ್ಕು ಸೈಕಲ್ಲಿನವನಿಗೆ ಸಿಗುವುದು ಅಪರೂಪ, ಅನುಭವಿಸಬೇಕು.

ನಿವೃತ್ತ ಮಾಸ್ತರರಿಗೆ ಎಂಬತ್ತು ದಾಟಿದೆ. ಅಂಕೋಲೆಯವರಿಗೆ ಮನೆಗೆ ಬಂದವರನ್ನು 1930ರಿಂದ ಶುರುಮಾಡದೆ ಕೂರಿಸಲು ಬಾರದು. ಆ ವರ್ಷದ ಏಪ್ರಿಲ್‌ನಲ್ಲಿ ಇಲ್ಲಿಯವರು ಉಪ್ಪಿನ ಕಾಯ್ದೆ ಮುರಿದರು, ಆಮೇಲೆ ಕರ ಕೊಡುವುದಿಲ್ಲವೆಂದು ಹೊಲ ಮನೆ ಕಳಕೊಂಡರು. ಊರಿಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರಾಯಿತು. ಅಲ್ಲಿಂದ ಮಾಸ್ತರರು ನೇರ ನನ್ನ ಕಡೆ ತಿರುಗಿ, ‘ಹುಬ್ಬಳ್ಳಿ–ಅಂಕೋಲಾ ರೈಲು ಎಲ್ಲಿಗ್ ಬಂತು?’ ಎಂದರು. ದಶಕಗಳಿಂದ ಕಾಗದದ ಮೇಲೆ ಓಡುತ್ತಿರುವ ಆ ರೈಲಿಗೆ ಹುಬ್ಬಳ್ಳಿಯವನಾದ ನಾನೇ ಹೊಣೆ ಎಂಬಂತಿತ್ತು ಪ್ರಶ್ನೆ. ತೆಳ್ಳವು, ಬಂಗಡೆ ಸಾರು ಬಂದದ್ದರಿಂದ ಪಾರಾದೆ.

ಊಟದ ಮೇಲೆ ಮಲಗಬೇಕಿತ್ತು. ಗೆಳೆಯ ಶಿರೂರು ನೋಡಿ ಬರೋಣ ಎಂದ. ಗಂಗಾವಳಿ ನದಿಗೂ ಗುಡ್ಡಕ್ಕೂ ನಡುವೆ ಹೆದ್ದಾರಿ ಅಲ್ಲಿ ಸಮತಟ್ಟಾಗಿ ಹೋಗುತ್ತದೆ. ಸೈಕಲ್ಲಿಗೆ ಅಂಥ ಸುಖದ ರಸ್ತೆ ದಿನವೆಲ್ಲ ಸಿಕ್ಕಿರಲಿಲ್ಲ. ಆ ಸಮತಟ್ಟಿಗಾಗಿ ಬುಡ ಕಡಿಸಿಕೊಂಡಿದ್ದ ಗುಡ್ಡ 2024ರ ಜುಲೈ 16ರ ಬೆಳಿಗ್ಗೆ ಮಳೆಯಲ್ಲಿ ಜಾರಿ ರಸ್ತೆಯನ್ನೂ, ಲಾರಿಯವರು ನಿಲ್ಲುತ್ತಿದ್ದ ಚಹದಂಗಡಿಯನ್ನೂ, ಅಂಗಡಿಯ ಸಂಸಾರವನ್ನೂ ನದಿಗೆ ತಳ್ಳಿತು. ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಸತ್ತವರು 11 ಮಂದಿ. ಕೇರಳದ ಲಾರಿ ಚಾಲಕನ ದೇಹ ಲಾರಿಯೊಳಗೆ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಏರಿಲ್ಲದ ಆ ಜಾಗದಲ್ಲಿ ಇಬ್ಬರೂ ಇಳಿದು ಸೈಕಲ್ ದೂಡಿದೆವು. ‘ಏರು ಉಳಿಸಿದ್ದರೆ ಏನಾಗುತ್ತಿತ್ತು? ಹತ್ತು ನಿಮಿಷ ತಡ’ ಎಂದ ಗೆಳೆಯ. ಎಂಜಿನಿಯರುಗಳ ಬಳಿ ಇದಕ್ಕೆ ಉತ್ತರವಿರಬಹುದು, ನನ್ನ ಬಳಿ ಇರಲಿಲ್ಲ.

ಸಂಜೆ ಹುಬ್ಬಳ್ಳಿ ಬಸ್ಸಿಗೆ ಮೊದಲು ಮತ್ತೆ ಮಾಸ್ತರರ ಅಂಗಳಕ್ಕೆ ಬಂದೆವು. ಎರಡೂ ಸೈಕಲ್ಲನ್ನು ಗೆಳೆಯ ಟೆಂಪೋದಲ್ಲಿ ಕಾರವಾರಕ್ಕೆ ಒಯ್ಯುವವನಿದ್ದ. ಮಾಸ್ತರರು ನಾನು ತುಳಿದ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂದಿನ ಚಕ್ರದ ಹತ್ತಿರ ನಿಂತರು.

‘ಕ್ಯಾರಿಯರ್ ಇಲ್ಲ?’

‘ಇಂಥವಕ್ಕೆ ಇರುವುದಿಲ್ಲ ಮಾಸ್ತರೇ.’

‘ಮೇ ತಿಂಗಳಲ್ಲಿ ಬಾ ತಮಾ. ಕರಿ ಈಶಾಡ ಮಾವಿಗೆ ಸರಕಾರದ ಜಿಐ ಗುರುತೂ ಬಂದಾಯ್ತು, ಒಂದು ಬುಟ್ಟಿ ಕೊಡ್ತೆ. ಆದ್ರೆ ಇದರ ಮೇಲೆ ಬಂದ್ರೆ ಹೊರೋದು ಎಲ್ಲಿ, ತಲೆಮೇಲಾ?’