ಡ್ರಾಯಿಂಗ್ ಪೀರಿಯಡ್ ಯಾರದು?

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋದವರೆಲ್ಲ ಕತ್ತೆತ್ತಿ ನೋಡುವುದು ಇಟಲಿಯ ಜೆಸ್ವಿಟ್ ಬ್ರದರ್ ಅಂತೋನಿಯೊ ಮೊಸ್ಚೇನಿ ಬಿಡಿಸಿದ ಚಿತ್ರಗಳನ್ನು. 1899ರಲ್ಲಿ ಶುರುವಾಗಿ 1901ಕ್ಕೆ ಮುಗಿದ ಕೆಲಸ. ಅದರಲ್ಲಿ ಫ್ರೆಸ್ಕೊ ಚಿತ್ರಗಳೂ ಇವೆ; ಫ್ರೆಸ್ಕೊ ಅಂದರೆ ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಿ ಮುಗಿಸಬೇಕು. ಒಣಗಿದ ಮೇಲೆ ತಿದ್ದುವುದು ಕಷ್ಟ. ಇಂಥ ಊರಲ್ಲೂ ಎಷ್ಟೋ ಶಾಲೆಗಳಲ್ಲಿ ಡ್ರಾಯಿಂಗ್ ಪೀರಿಯಡ್ ಅಂದ್ರೆ ಗಣಿತದ ಟೀಚರಿಗೆ ಸಿಕ್ಕ ಎಕ್ಸ್‌ಟ್ರಾ ಕ್ಲಾಸ್!

ಎಲ್ಲ ಕ್ಯಾಥೊಲಿಕ್ ಶಾಲೆಗಳಿಗೂ ಸಂಗೀತಕ್ಕೊಬ್ಬರು, ಚಿತ್ರಕ್ಕೊಬ್ಬರು ಅಂತ ಇಟ್ಟುಕೊಳ್ಳಲು ದುಡ್ಡಿಲ್ಲ, ಒಪ್ಪೋಣ. ಆದರೆ ಮಂಗಳೂರಿನ ಬಜ್ಜೋಡಿಯಲ್ಲಿ ಕಲೆ-ಸಂಸ್ಕೃತಿಯ ಸಂಸ್ಥೆ ಸಂದೇಶ ಪ್ರತಿಷ್ಠಾನವಿದೆ, ಶಕ್ತಿನಗರದಲ್ಲಿ ಕೊಂಕಣಿ ಸಾಂಸ್ಕೃತಿಕ ಸಂಘಟನೆ ಮಾಂಡ್ ಸೊಭಾಣ್‌ನ ಕಲಾಂಗಣ್ ಇದೆ. ಇಗರ್ಜಿಯ ಕೊಯರ್‌ನಲ್ಲಿ ನಾಲ್ಕು ಧ್ವನಿಗಳಲ್ಲಿ ಹಾಡಿಸಬಲ್ಲವರು ಇರ್ತಾರೆ. ಹುಡುಕಿದರೆ ಅದೇ ವಾರ್ಡಿನಲ್ಲಿ ಯಕ್ಷಗಾನದ ಭಾಗವತರೂ ಸಿಕ್ಕಾರು, ಮಕ್ಕಳಿಗೆ ತಾಳ ಹಾಕಲು ಕಲಿಸಿಯಾರು.

ಇಂಥವರನ್ನು ಶಾಲೆಗೆ ಕರೆಯುವುದಾದರೆ ಜೂನ್‌ನಲ್ಲೇ ಕರೆಯಿರಿ, ಸ್ಕೂಲ್ ಡೇಗೆ ಹದಿನೈದು ದಿನ ಇರುವಾಗ ಅಲ್ಲ. ಮತ್ತೆ, 'ಮಕ್ಕಳಿಗೋಸ್ಕರ ಅಲ್ವಾ' ಅಂತ ಶಾಲು ಹೊದೆಸಿ ಕಳಿಸಬೇಡಿ. ಬಸ್ ಚಾರ್ಜಾದರೂ ಕೊಡಿ ಮಾರಾಯ್ರೆ!