ನಿವೃತ್ತ ಶಕ್ತಿಮಾನ್

ಸೈನಿಕನಿಗೆ ನಿವೃತ್ತಿಯಿರುವಂತೆ ಸೈನ್ಯದ ಲಾರಿಗೂ ನಿವೃತ್ತಿಯುಂಟು. ಆದರೆ ನಿವೃತ್ತ ಸೈನಿಕನಿಗೆ ದೊರೆಯುವ ವಿಶ್ರಾಂತಿ ವೇತನ ಅದಕ್ಕಿಲ್ಲ. ವಯಸ್ಸಾದ ಲಾರಿಯನ್ನು ಹರಾಜು ಹಾಕುತ್ತಾರೆ. ಕೊಂಡವನು ಅದನ್ನು ಮತ್ತೆ ದುಡಿಮೆಗೆ ಹಚ್ಚುತ್ತಾನೆ. ಭಾರತೀಯ ಸೇನೆಯ ಎಷ್ಟೋ ಶಕ್ತಿಮಾನ್ ಲಾರಿಗಳು ಹೀಗೆ ಎರಡನೆಯ ಬಾಳನ್ನು ಕಂಡಿವೆ.

ಶಕ್ತಿಮಾನ್ ಹುಟ್ಟಿದ್ದು ಮಧ್ಯಪ್ರದೇಶದ ಜಬಲ್ಪುರದಲ್ಲಿ. ಜರ್ಮನಿಯ ಮಾನ್ ಸಂಸ್ಥೆಯ ಪರವಾನಗಿ ಪಡೆದು 1959ರಲ್ಲಿ ಅಲ್ಲಿ ಅದರ ತಯಾರಿಕೆ ಆರಂಭವಾಯಿತು. 1897ರಲ್ಲಿ ರುಡಾಲ್ಫ್ ಡೀಸೆಲ್ ತನ್ನ ಹೊಸ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ್ದು ಔಗ್ಸ್‌ಬರ್ಗ್ ನಗರದ ಯಂತ್ರಾಗಾರದಲ್ಲಿ. ಮುಂದೆ ಮಾನ್ ಆಗಿ ಬೆಳೆದುದು ಆ ಸಂಸ್ಥೆಯೇ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹಾಯುವ ಈ ಲಾರಿಗೆ ಕೆಸರೂ ದಾರಿ, ಏರೂ ದಾರಿ. ತೊಂಬತ್ತರ ದಶಕದಲ್ಲಿ ಇದರ ತಯಾರಿಕೆ ನಿಂತಿತು. ಆದ್ದರಿಂದ ಒಂದು ಲಾರಿಯ ಬಿಡಿಭಾಗಕ್ಕಾಗಿ ಮತ್ತೊಂದು ಸತ್ತ ಲಾರಿಯನ್ನು ಹುಡುಕಬೇಕಾಗುತ್ತದೆ.

ಬಹುಕಾಲ ನಿಂತಿದ್ದ ಲಾರಿಯನ್ನು ಎಬ್ಬಿಸುವುದು ಸುಲಭವಲ್ಲ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಕಾದ ಗಾಳಿಗೆ ಸಿಂಪಡಿಸಿದ ಎಣ್ಣೆ ತಾನೇ ಹತ್ತಿಕೊಳ್ಳುತ್ತದೆ. ಎಣ್ಣೆಯ ಕೊಳವೆಯಲ್ಲಿ ಗಾಳಿ ಸೇರಿದರೆ ಮಾತ್ರ ಕೆಲಸ ಕೆಟ್ಟಿತು. ಪಂಪು ಒತ್ತಿದಷ್ಟೂ ಗಾಳಿ ಕುಗ್ಗುತ್ತದೆಯೇ ಹೊರತು ಎಣ್ಣೆ ಮುಂದೆ ನುಗ್ಗುವುದಿಲ್ಲ. ಹೊಸಬನು ಬ್ಯಾಟರಿ ಮುಗಿಯುವವರೆಗೂ ಎಂಜಿನ್ನನ್ನು ತಿರುಗಿಸುತ್ತಾನೆ. ಅನುಭವಿಯು ಫಿಲ್ಟರಿನ ಮೇಲಿನ ತಿರುಪನ್ನು ಕೊಂಚ ಸಡಿಲಿಸಿ, ಕೈಪಂಪನ್ನು ಒತ್ತಲು ಹುಡುಗನಿಗೆ ಹೇಳುತ್ತಾನೆ.

“ಗುಳ್ಳೆ ನಿಂತಿತೇನೋ?”

“ಇನ್ನೂ ಬರುತ್ತಿದೆ, ಮೇಸ್ತ್ರಿ.”

“ಹಾಗಾದರೆ ಒತ್ತುತ್ತಿರು.”

ನೊರೆ ಹೋಗಿ ತಿಳಿಯಾದ ಎಣ್ಣೆ ಒಂದೇ ಸಮನೆ ಹರಿದಾಗ ತಿರುಪನ್ನು ಬಿಗಿಯುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಅಪರೂಪ.

ವೈದ್ಯನು ನಾಡಿ ಹಿಡಿದು ನೋಡುವಂತೆ ಮೇಸ್ತ್ರಿಯು ಹೊಗೆಯನ್ನು ನೋಡುತ್ತಾನೆ. ಕಪ್ಪು ಹೊಗೆ ಬಂದರೆ ಎಣ್ಣೆ ಹೆಚ್ಚಾಗಿದೆ, ಇಲ್ಲವೇ ಗಾಳಿ ಸಾಲದಾಗಿದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಅಥವಾ ಎಲ್ಲಿಂದಲೋ ನೀರು ಒಳಸೇರಿದೆ.

ಈ ಕೆಲಸದಲ್ಲಿ ತಾಳ್ಮೆಯಷ್ಟೇ ಸಾಲದು, ಭಯವೂ ಬೇಕು. ಹಳೆಯ ಭಾರೀ ಲಾರಿಗಳ ಅನೇಕ ಚಕ್ರಗಳಲ್ಲಿ ಟೈರನ್ನು ಹಿಡಿದಿಡುವುದು ಒಂದು ಉಕ್ಕಿನ ಬಳೆ. ತುಕ್ಕು ಹಿಡಿದ ಅಥವಾ ಸರಿಯಾಗಿ ಕೂಡದ ಬಳೆ ಗಾಳಿ ತುಂಬುವಾಗ ಸಿಡಿದರೆ ಎದುರಿಗಿದ್ದವನ ಪ್ರಾಣಕ್ಕೇ ಅಪಾಯ. ಆದುದರಿಂದ ಬಲ್ಲವರು ಚಕ್ರವನ್ನು ಕಬ್ಬಿಣದ ಪಂಜರದೊಳಗಿಟ್ಟು, ದೂರ ನಿಂತು ಗಾಳಿ ತುಂಬುತ್ತಾರೆ. ಜಾಕ್ ಒಂದನ್ನೇ ನಂಬಿ ಲಾರಿಯ ಕೆಳಗೆ ನುಸುಳುವುದೂ ಅಷ್ಟೇ ಅವಿವೇಕ. ಗಟ್ಟಿಯಾದ ಆಧಾರವನ್ನು ಕೊಟ್ಟ ಮೇಲೆಯೇ ಕೆಳಗಿಳಿಯಬೇಕು. ಗಾಳಿಯ ಬಲದಿಂದ ನಡೆಯುವ ಬ್ರೇಕುಗಳಿದ್ದರೆ, ಗಾಳಿಯ ತೊಟ್ಟಿಯಲ್ಲಿ ಸೇರುವ ನೀರನ್ನು ದಿನವೂ ಬಸಿಯಬೇಕು. ಬಿಟ್ಟರೆ ಒಳಗೆ ತುಕ್ಕು ಬೆಳೆಯುತ್ತದೆ. ಒಂದು ದಿನದ ಸೋಮಾರಿತನ ಆ ದಿನ ಕಾಣಿಸುವುದಿಲ್ಲ. ಎಂದೋ ಒಮ್ಮೆ ಘಟ್ಟದ ಇಳಿಜಾರಿನಲ್ಲಿ ಕಾಣಿಸುತ್ತದೆ.

ಹೊಸದನ್ನು ಕೊಳ್ಳಲು ಹಣವಿದ್ದರೆ ಸಾಕು. ಹಳೆಯದನ್ನು ಉಳಿಸಿಕೊಳ್ಳಲು ತಿಳಿವಳಿಕೆ ಬೇಕು, ಕೈಚಳಕ ಬೇಕು, ದಿನದಿನದ ಎಚ್ಚರ ಬೇಕು. ಹೊರೆ ಹೊತ್ತ ಲಾರಿ ಘಟ್ಟವನ್ನು ಇಳಿದು ಸುಖವಾಗಿ ಊರು ಸೇರಿದಾಗ ಜನರು ಚಾಲಕನನ್ನು ಹೊಗಳುತ್ತಾರೆ. ಬೆಳಗಿನ ಚಳಿಯಲ್ಲಿ ಅದರ ಕೆಳಗೆ ಅಂಗಾತ ಮಲಗಿ, ಸಡಿಲವಾದ ನಟ್ಟೊಂದನ್ನು ಬಿಗಿದವನ ಹೆಸರು ಯಾರಿಗೂ ತಿಳಿಯದು. ಆದರೂ ಚಾಲಕನು ತನ್ನ ಪ್ರಾಣವನ್ನು ಒಪ್ಪಿಸಿರುವುದು ಅವನ ಕೈಗೇ.