ವಿ-ಒನ್, ವಿ-ಟೂ, ವಿ-ತ್ರೀ

ಕಾಂಪೌಂಡಿನಾಚೆ ಪಕ್ಕದ ಮನೆಯ ಹುಡುಗಿ ‘ಅರೈಸ್, ಅರೋಸ್, ಅರಿಸನ್, ಅವೇಕ್, ಅವೋಕ್, ಅವೋಕನ್’ ಎಂದು ಉರು ಹೊಡೆಯುತ್ತಿದ್ದಾಳೆ. ರಾತ್ರಿ ಊಟದೊಳಗೆ ಬಿ ಅಕ್ಷರ ಮುಟ್ಟಿಯಾಳು. ಇಂಗ್ಲಿಷ್ ಕ್ರಿಯಾಪದಗಳನ್ನು ಅಕಾರಾದಿಯಲ್ಲಿ ಬಾಯಿಪಾಠ ಮಾಡಿಸುವ ಪುಣ್ಯಾತ್ಮರ ಮೇಲೆ ನನಗೆ ಹಳೇ ಸಿಟ್ಟು. ಅಕಾರಾದಿ ನಿಘಂಟಿಗೆ ಸರಿ, ಕಿವಿಗಲ್ಲ.

ಇವನ್ನು ನಾದ ಹಿಡಿದು ಕೂಡಿಸಬೇಕು. ಸಿಂಗ್, ಸ್ಯಾಂಗ್, ಸಂಗ್ ಅನ್ನಿ; ಬೆನ್ನಿಗೇ ರಿಂಗ್, ಡ್ರಿಂಕ್, ಸಿಂಕ್, ಸ್ವಿಮ್, ಬಿಗಿನ್ ತಾವಾಗಿ ಸಾಲು ನಿಲ್ಲುತ್ತವೆ. ಬ್ಲೋ, ಗ್ರೋ, ನೋ, ಥ್ರೋ ಬೇರೆ ಗುಂಪು: ಬ್ಲೂ, ಗ್ರೂ, ನ್ಯೂ, ಥ್ರೂ. ಕಟ್, ಪುಟ್, ಹಿಟ್, ಶಟ್ ಯಾವ ಕಾಲ ಬಂದರೂ ಜಪ್ಪಯ್ಯ ಅನ್ನವು; ನೋಡಿ, ನಾಲ್ಕೂ ಟಕಾರಕ್ಕೇ ಮುಗಿಯುತ್ತವೆ. ಬ್ರಿಂಗ್ ಮಾತ್ರ ಸಿಂಗ್ ಜತೆ ನಿಲ್ಲದೆ ಥಿಂಕ್ ಕಡೆ ಓಡಿ ಬ್ರಾಟ್ ಆಗುತ್ತದೆ. ಆಗಲಿ, ಅದೊಂದು ನೆನಪಿಟ್ಟರಾಯಿತು.

ಇನ್ನು ಕ್ರಿಯಾಪದದ ಮೂಲರೂಪ, ಭೂತರೂಪಗಳಿಗೆ ಶಾಲೆಯಲ್ಲಿ ಅಂಟಿಸುವ ಆ ವಿ-ಒನ್, ವಿ-ಟೂ ಚೀಟಿಗಳು! 1944ರಲ್ಲಿ ಲಂಡನ್ ಮೇಲೆ ಜರ್ಮನ್ನರು ಎಸೆದ ಅಸ್ತ್ರಗಳಿಗೂ ಅದೇ ಹೆಸರು. ಮಕ್ಕಳ ಮೇಲೆ ಬೀಳುವಾಗಲೂ ಪರಿಣಾಮ ಅಷ್ಟೇ. ಸಾಲದ್ದಕ್ಕೆ ಗೈಡುಗಳು ವಿ-ಫೈವ್ ತನಕ ಖಾನೆ ಎಳೆದಿವೆ. ಬಿ ಎಂಬ ಒಂದೇ ಕ್ರಿಯಾಪದಕ್ಕೆ ಆ್ಯಮ್, ಈಸ್, ಆರ್, ವಾಸ್, ವರ್, ಬೀನ್, ಬೀಯಿಂಗ್ ಸೇರಿ ಎಂಟು ರೂಪ. ಐದು ಖಾನೆಯಲ್ಲಿ ಎಲ್ಲಿ ತುರುಕುತ್ತೀರಿ ಸ್ವಾಮಿ?

ಇವು ‘ನಿಯಮ ತಪ್ಪಿದವು’ ಎಂಬ ಮಾತಂತೂ ಕೇಳಲಾಗದು. ಒಳಗಿನ ಸ್ವರ ಬದಲಿಸಿ ಕಾಲ ಹೇಳುವ ಪದ್ಧತಿಯೇ ಹಳೆಯದು. ಬಾಲಕ್ಕೆ ಅಂಟುವ ‘ಎಡ್’ ಆಮೇಲೆ ಬಂದ ಬಾಡಿಗೆದಾರ, ಈಗ ಯಜಮಾನನಿಗೇ ನೋಟಿಸು ಕೊಡುತ್ತಿದ್ದಾನೆ. ಹಳೆಯ ಇಂಗ್ಲಿಷಿನ 177 ಅನಿಯತ ಕ್ರಿಯಾಪದಗಳ ಜಾಡು ಹಿಡಿದ ಹಾರ್ವರ್ಡ್ ಸಂಶೋಧಕರು 2007ರಲ್ಲಿ ಹೇಳಿದ್ದು: 98 ಇನ್ನೂ ಹಾಗೇ ಉಳಿದಿವೆ. ಹೆಚ್ಚು ಬಳಸಿದಷ್ಟೂ ಆಯುಷ್ಯ ಹೆಚ್ಚು. ಗೋ, ಸೀ, ಟೇಕ್‌ಗಳಿಗೆ ಸಾವಿಲ್ಲ. ಪಾಪ, ಹೆಲ್ಪ್ ಸೋತಿತು. 1611ರ ಬೈಬಲ್ಲಿನಲ್ಲಿ ಅದಿನ್ನೂ ಹೋಲ್ಪನ್.

ಎದುರು ಈಜಿದವೂ ಇವೆ. ಅದೇ ಬೈಬಲ್ಲಿನ ಡಿಗ್ಡ್ ಈಗ ಡಗ್. ಕ್ಯಾಚ್ ಮತ್ತು ಚೇಸ್ ಒಂದೇ ಮೂಲದಿಂದ ಫ್ರೆಂಚ್ ಮೂಲಕ ಬಂದ ದಾಯಾದಿಗಳು. ಚೇಸ್ ಸಾಧುವಾಗಿ ಚೇಸ್ಡ್ ಆಯಿತು. ಕ್ಯಾಚ್ ಊರವರ ಟೀಚ್, ಟಾಟ್ ಥರವೇ ಕಾಟ್ ಆಗಿಬಿಟ್ಟಿತು! 19ನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಸ್ನೀಕ್ ಕೂಡ ಮೆಲ್ಲಗೆ ಸ್ನಕ್ ಆಯಿತು. ಮಡಿವಂತರು ಈಗಲೂ ಸ್ನೀಕ್ಡ್ ಎಂದೇ ತಿದ್ದುತ್ತಾರೆ. ತಿದ್ದಲಿ, ನನ್ನ ಓಟು ಸ್ನಕ್ಕಿಗೆ.